ಐದು ರಾಗ, ಆರು ತಂತಿ: ಗಿಟಾರ್ ರಚನೆಗಳಿಗೆ ಷಡ್ಜ ಹುಡುಕುವ ಕೆಲಸ ಎಲ್ಲಿಗೆ ಬಂತು

ಮೋಹನ, ಮಧ್ಯಮಾವತಿ, ಹಿಂದೋಳ, ಶುದ್ಧ ಸಾವೇರಿ, ಶುದ್ಧ ಧನ್ಯಾಸಿ. ಈ ಐದು ರಾಗಗಳಲ್ಲಿ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿಗೆ ಒಂದೊಂದು ಕಿರುರಚನೆ ಮಾಡಿ, ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಮತ್ತು ಟ್ಯಾಬ್ (ಯಾವ ತಂತಿಯನ್ನು ಎಷ್ಟನೇ ಫ್ರೆಟ್‌ನಲ್ಲಿ, ಅಂದರೆ ಅಡ್ಡಪಟ್ಟಿಯಲ್ಲಿ, ಒತ್ತಬೇಕೆಂದು ತೋರಿಸುವ ಅಂಕಿಗಳ ಲಿಪಿ) ಎರಡರಲ್ಲೂ ಬರೆದಿಡುವುದು ಕೆಲಸ. ಐದಕ್ಕೂ ಕೀ, ಅಂದರೆ ಷಡ್ಜ (ಸ) ಯಾವ ಸ್ವರದ ಮೇಲೆ ಎಂಬುದು, ತೀರ್ಮಾನವಾಗಿದೆ. ಮೇಳರಾಗಗಳ (ಕರ್ನಾಟಕ ಸಂಗೀತದ 72 ಮೂಲರಾಗಗಳು) ಎರಡನೇ ಕಂತು ಅರ್ಧ ದಾರಿಯಲ್ಲಿದೆ.

ಈ ಐದೇ ಯಾಕೆ ಎಂದರೆ ತಂತಿಗಳನ್ನೇ ನೋಡಿ. ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ, ಬಿ, ಇ. ಎರಡು ಇ ಒಂದೇ ಲೆಕ್ಕ, ಒಟ್ಟು ಐದು ಸ್ವರ. ಜಿ ಷಡ್ಜವಾದರೆ ಅದು ಮೋಹನ. ಅವೇ ಸ್ವರಗಳಿಗೆ ಎ ಷಡ್ಜವಾದರೆ ಮಧ್ಯಮಾವತಿ, ಬಿ ಆದರೆ ಹಿಂದೋಳ, ಡಿ ಆದರೆ ಶುದ್ಧ ಸಾವೇರಿ, ಇ ಆದರೆ ಶುದ್ಧ ಧನ್ಯಾಸಿ. ಮೋಹನದ ಗ್ರಹಭೇದವೆಲ್ಲ, ಅಂದರೆ ಅವೇ ಸ್ವರಗಳಲ್ಲಿ ಷಡ್ಜ ಬದಲಿಸಿದರೆ ಹುಟ್ಟುವ ರಾಗಗಳೆಲ್ಲ, ಏನೂ ಒತ್ತದ ತಂತಿಗಳ ಮೇಲೆಯೇ ಸಿಗುತ್ತದೆ, ಶಾರ್ಪ್ ಫ್ಲಾಟ್‌ಗಳ ಗೊಡವೆಯೇ ಇಲ್ಲ. ಕಾಗದದ ಮೇಲೆ ಬಲು ಸೊಗಸು. ನುಡಿಸಲು ಕೂತರೆ ಮಾತ್ರ ಎರಡು ಕಡೆ ಎಡವುತ್ತದೆ.

ಮೊದಲನೆಯದು ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸಿ ನುಡಿಸುವ ಬಗೆ. ಓಪನ್ ಸ್ಟ್ರಿಂಗ್, ಅಂದರೆ ಒತ್ತದ ತಂತಿ, ಕೊಡುವ ಸ್ವರ ಅಲುಗುವುದಿಲ್ಲ. ಎ ಷಡ್ಜದ ಮಧ್ಯಮಾವತಿಯಲ್ಲಿ ರಿಷಭ ಎಂದರೆ ಬಿ, ನಿಷಾದ ಎಂದರೆ ಜಿ. ಎರಡೂ ಓಪನ್ ಸ್ಟ್ರಿಂಗ್, ಎರಡಕ್ಕೂ ಕಂಪಿತ (ಸ್ವರವನ್ನು ತೂಗಾಡಿಸುವ ಗಮಕ) ಬೇಕು. ಹಾಗೇ ಮೀಟಿಬಿಟ್ಟರೆ ಸ್ವರಸ್ಥಾನ ಸರಿ, ರಾಗ ಮಾತ್ರ ನಾಪತ್ತೆ. ಆದ್ದರಿಂದ ಟ್ಯಾಬ್‌ನಲ್ಲಿ (ಅಲ್ಲಿ ಎಣಿಕೆ ತೆಳು ತಂತಿಯಿಂದ: ತೆಳು ಇ 1ನೆಯದು, ದಪ್ಪ ಇ 6ನೆಯದು) ಬಿ ಸ್ವರವನ್ನು 3ನೇ ತಂತಿಯ 4ನೇ ಫ್ರೆಟ್‌ಗೂ, ಜಿ ಸ್ವರವನ್ನು 4ನೇ ತಂತಿಯ 5ನೇ ಫ್ರೆಟ್‌ಗೂ ಹಾಕಲಾಗಿದೆ. ಶುದ್ಧ ಧನ್ಯಾಸಿಯಲ್ಲೂ ಇದೇ ಕಥೆ: ಗಾಂಧಾರ ಜಿ, ನಿಷಾದ ಡಿ. ಡಿ ಸ್ವರವನ್ನು 5ನೇ ತಂತಿಯ 5ನೇ ಫ್ರೆಟ್‌ನಲ್ಲಿ ಹಿಡಿಯಬೇಕು. ಇವೆಲ್ಲ ಲೋಹದ ಎಳೆ ಸುತ್ತಿದ ತಂತಿಗಳು, 0.012 ಇಂಚಿನ ಸೆಟ್‌ನಲ್ಲಿ (ಅಳತೆ ತೆಳು ತಂತಿಯದು) 3ನೇ ತಂತಿಯೂ ಸಾಮಾನ್ಯವಾಗಿ ಸುತ್ತಿದ್ದೇ. ಬೆಂಡ್ ಮಾಡಿ, ಅಂದರೆ ತಂತಿಯನ್ನು ಅಡ್ಡಕ್ಕೆ ಎಳೆದು, ಕಂಪಿತ ತರಲು ಹೋದರೆ ಬೆರಳು ಸೋಲುತ್ತದೆ, ಶ್ರುತಿಯೂ ಮೇಲಿನ ಸ್ವರ ಮುಟ್ಟುವುದಿಲ್ಲ. ಪಕ್ಕದ ಫ್ರೆಟ್‌ಗಳಿಗೆ ಜಾರಿಸಿ ಹಿಂತಿರುಗುವುದೇ ವಾಸಿ.

ಹೀಗಾಗಿ ಎಷ್ಟು ಓಪನ್ ಸ್ಟ್ರಿಂಗ್ ರಾಗಕ್ಕೆ ಹೊಂದುತ್ತವೆ ಎಂದು ಎಣಿಸುವುದನ್ನು ಬಿಟ್ಟೆವು. ಅಲುಗದೆ ನಿಲ್ಲುವ ಸ್ವರಗಳು, ಅಂದರೆ ಷಡ್ಜ, ಪಂಚಮ, ಕೆಲವೊಮ್ಮೆ ಮಧ್ಯಮ, ಓಪನ್ ಸ್ಟ್ರಿಂಗ್ ಮೇಲೆ ಬೀಳುತ್ತವೆಯೇ ಎಂಬುದೇ ಈಗಿನ ಅಳತೆಗೋಲು.

ಎರಡನೆಯದು ಹಿಂದೋಳ. ಬಿ ಷಡ್ಜ ಇಟ್ಟುಕೊಂಡರೆ ಷಡ್ಜಕ್ಕೆ ಓಪನ್ ಸ್ಟ್ರಿಂಗ್ 2ನೆಯದು ಮಾತ್ರ. ಮಂದ್ರದಲ್ಲಿ ಬೇಕೆಂದರೆ 5ನೇ ತಂತಿಯ 2ನೇ ಫ್ರೆಟ್ ಒತ್ತಿ ಹಿಡಿಯಬೇಕು. ಅಷ್ಟಾಗಿದ್ದರೆ ಹೇಗೋ ಸರಿದೂಗಿಸಬಹುದಿತ್ತು. ಆದರೆ 6ನೇ ತಂತಿಯ ಇ ಕೆಳಗೆ ಮೊಳಗುತ್ತಲೇ ಇರುತ್ತದೆ. ಅದು ಇಲ್ಲಿ ಮಧ್ಯಮ. ಹಿಂದೋಳದಲ್ಲಿ ಪಂಚಮವೇ ಇಲ್ಲದ್ದರಿಂದ ಅದನ್ನು ತಡೆಯುವ ಬಲವಾದ ಸ್ವರವೂ ಇಲ್ಲ. ನಾಲ್ಕು ಆವರ್ತ ಕಳೆಯುವುದರೊಳಗೆ ಕಿವಿ ಇ ಸ್ವರವನ್ನೇ ಷಡ್ಜ ಎಂದು ಹಿಡಿದುಬಿಡುತ್ತದೆ, ರಚನೆ ಶುದ್ಧ ಧನ್ಯಾಸಿಯಾಗಿ ಕೇಳುತ್ತದೆ. ಸ್ವರಗಳು ಅವೇ, ದೂರುವುದು ಯಾರನ್ನು?

ಪರಿಹಾರ: ಹಿಂದೋಳವನ್ನು ಇ ಷಡ್ಜಕ್ಕೆ ತಂದೆವು. ಸ್ವರಗಳು ಇ, ಜಿ, ಎ, ಸಿ, ಡಿ. ಆಗ ಹೊಂದದೆ ಉಳಿಯುವುದು 2ನೇ ತಂತಿಯ ಬಿ ಒಂದೇ. ಅದನ್ನು ಅರ್ಧ ಸ್ವರ ಏರಿಸಿ ಸಿ ಮಾಡಿದರೆ ತಂತಿಯ ಎಳೆತ ಸುಮಾರು 12% ಹೆಚ್ಚುತ್ತದೆ, ಹಳೆಯ ತಂತಿಯಾದರೆ ಕಿತ್ತುಹೋದೀತು. ಒಂದು ಪೂರ್ಣ ಸ್ವರ ಇಳಿಸಿ ಎ ಮಾಡಿದರೆ ಎಳೆತ ಐದನೇ ಒಂದು ಪಾಲು ತಗ್ಗುತ್ತದೆ, ಮಧ್ಯಮಕ್ಕೆ ಇನ್ನೊಂದು ಓಪನ್ ಸ್ಟ್ರಿಂಗ್ ಸಿಗುತ್ತದೆ. ಇಳಿಸುವುದೇ ಖಾಯಂ. ಟ್ಯಾಬ್‌ನಲ್ಲಿ 2ನೇ ತಂತಿಯ ಅಂಕಿಗಳೆಲ್ಲ ಎರಡು ಹೆಚ್ಚುತ್ತವೆ: ಸಿ ಇದ್ದದ್ದು 1ನೇ ಫ್ರೆಟ್, ಈಗ 3. ಟ್ಯೂನಿಂಗ್ ಸಾಲನ್ನು ಮೊದಲ ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಹಾಕದಿದ್ದರೆ ಓದುವವರು ಖಂಡಿತ ತಪ್ಪುತ್ತಾರೆ.

ಶುದ್ಧ ಸಾವೇರಿಗೆ ತಕರಾರಿಲ್ಲ, 6ನೇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದರೆ ಮುಗಿಯಿತು. ಮೋಹನಕ್ಕೆ 6ನೆಯದನ್ನು ಡಿ, 5ನೆಯದನ್ನು ಜಿ ಮಾಡಿದ್ದೇವೆ. ಇಲ್ಲದಿದ್ದರೆ ಮಂದ್ರ ಷಡ್ಜಕ್ಕೆಂದು ಒಂದು ಬೆರಳು 6ನೇ ತಂತಿಯ 3ನೇ ಫ್ರೆಟ್ ಬಿಟ್ಟು ಕದಲುವಂತಿಲ್ಲ, ಮೇಲಿನ ಸಂಚಾರಕ್ಕೆ ಉಳಿಯುವುದು ಮೂರೇ ಬೆರಳು.

ಎರಡನೇ ಕಂತಿನಲ್ಲಿ ತಲೆನೋವು ಬೇರೆ: ಸ್ವರದ ಹೆಸರು. ಮೇಳರಾಗದಲ್ಲಿ ಏಳು ಸ್ವರ, ಏಳು ಅಕ್ಷರ, ಪ್ರತಿ ಅಕ್ಷರ ಒಂದೇ ಸಲ. ಇ ಷಡ್ಜದ ಮಾಯಾಮಾಳವಗೌಳ ಎಂದರೆ ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್. ಮಿಡಿ ಕೀಬೋರ್ಡಿನಿಂದ ನುಡಿಸಿ ತುಂಬಿಸಿದರೆ ಸಾಫ್ಟ್‌ವೇರಿಗೆ ಗೊತ್ತಾಗುವುದು ಶ್ರುತಿ ಮಾತ್ರ, ಹೆಸರು ಅದರ ಊಹೆ. ಜಿ ಶಾರ್ಪ್ ಬದಲು ಎ ಫ್ಲಾಟ್ ಬಂದರೆ ಗಾಂಧಾರ ಹೋಗಿ ಮಧ್ಯಮದ ಗೆರೆಯಲ್ಲಿ ಕೂರುತ್ತದೆ. ಮರುಕ್ಷಣ ಬರುವ ನಿಜವಾದ ಮಧ್ಯಮಕ್ಕೆ ಆ ಫ್ಲಾಟ್ ರದ್ದುಮಾಡುವ ನ್ಯಾಚುರಲ್ ಚಿಹ್ನೆ ಬೇರೆ. ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ಸಾಫ್ಟ್‌ವೇರಿನಲ್ಲಿ ಸ್ವರವನ್ನು ಆಯ್ದು ಜೆ ಕೀಲಿ ಒತ್ತಿದರೆ ಹೆಸರು ಬದಲಾಗುತ್ತದೆ. ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲೇ ಹಾಕುವ ಶಾರ್ಪ್ ಫ್ಲಾಟ್ ಚಿಹ್ನೆಗಳು) ಖಾಲಿ ಬಿಟ್ಟಿದ್ದೇವೆ. ಇ ಮೇಜರಿನ ನಾಲ್ಕು ಶಾರ್ಪ್ ಹಾಕಿದರೆ ಎಫ್ ಮತ್ತು ಸಿ ಬಂದಲ್ಲೆಲ್ಲ ಅದನ್ನು ರದ್ದುಮಾಡುತ್ತಾ ಕೂರಬೇಕಾಗುತ್ತದೆ.

ಅಕ್ಕಪಕ್ಕದ ಸ್ವರಗಳು ತೀರ ಹತ್ತಿರ ಬರುವ ವಿವಾದಿ ಮೇಳಗಳಲ್ಲಿ, 72ರಲ್ಲಿ ಅವೇ 40, ಷಡ್ಜದ ಆಯ್ಕೆಯೇ ಹೆಸರಿನ ಸಿಕ್ಕು ಬಿಡಿಸುತ್ತದೆ. ಕನಕಾಂಗಿಯನ್ನು ಸಿ ಷಡ್ಜದಲ್ಲಿ ಬರೆದರೆ ಗಾಂಧಾರ ಇ ಡಬಲ್ ಫ್ಲಾಟ್, ನಿಷಾದ ಬಿ ಡಬಲ್ ಫ್ಲಾಟ್. ಇ ಷಡ್ಜದಲ್ಲಿ ಇ, ಎಫ್, ಜಿ ಫ್ಲಾಟ್, ಎ, ಬಿ, ಸಿ, ಡಿ ಫ್ಲಾಟ್, ಅಷ್ಟೇ. ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ ಮೊದಲೇ ಅರ್ಧ ಸ್ವರವಿರುವುದು ಇದಕ್ಕೆ ಕಾರಣ. ಅದೇ ಇ ಷಡ್ಜ ಇನ್ನೊಂದು ವಿವಾದಿ ಮೇಳ ಚಲನಾಟಕ್ಕೆ ಶತ್ರು. ಷಟ್‌ಶ್ರುತಿ ರಿಷಭ (ಮೂರು ರಿಷಭಗಳಲ್ಲಿ ಅತಿ ಎತ್ತರದ್ದು) ಎಫ್ ಡಬಲ್ ಶಾರ್ಪ್ ಆಗುತ್ತದೆ, ಧೈವತ ಸಿ ಡಬಲ್ ಶಾರ್ಪ್. ಡಿ ಷಡ್ಜಕ್ಕೆ ಬಂದರೆ ಡಿ, ಇ ಶಾರ್ಪ್, ಎಫ್ ಶಾರ್ಪ್, ಜಿ, ಎ, ಬಿ ಶಾರ್ಪ್, ಸಿ ಶಾರ್ಪ್. ಇ ಶಾರ್ಪ್ ಕಂಡು ಹುಬ್ಬೇರಿಸುವವರಿದ್ದಾರೆ. ಅದನ್ನು ಎಫ್ ಎಂದು ಬರೆದರೆ ರಿಷಭವೂ ಗಾಂಧಾರವೂ ಒಂದೇ ಗೆರೆಯೊಳಗೆ ತುರುಕಿಕೊಳ್ಳುತ್ತವೆ, ಚಿಹ್ನೆ ಕಣ್ತಪ್ಪಿದರೆ ಸ್ವರವೇ ತಪ್ಪುತ್ತದೆ.

ಡಿ ಷಡ್ಜಕ್ಕೆ ಇನ್ನೊಂದು ಅನುಕೂಲವುಂಟು. ಬ್ರಿಟಿಷ್ ಗಿಟಾರ್ ವಾದಕ ಡೇವಿ ಗ್ರಹಾಂ 1960ರ ದಶಕದಲ್ಲಿ ಬಳಕೆಗೆ ತಂದ ಡಿ-ಎ-ಡಿ-ಜಿ-ಎ-ಡಿ ಟ್ಯೂನಿಂಗ್ ನಮ್ಮ ಕಿವಿಗೆ ಸ-ಪ-ಸ-ಮ-ಪ-ಸ. ಅಲುಗುವ ಸ್ವರ ಒಂದೂ ಓಪನ್ ಸ್ಟ್ರಿಂಗ್ ಮೇಲಿಲ್ಲ. ಚಲನಾಟವನ್ನು ಅದಕ್ಕೇ ಬರೆಯುತ್ತಿದ್ದೇವೆ.

ಕನಕಾಂಗಿ ಇನ್ನೂ ಬಾಕಿ. ಇ, ಎ, ಬಿ, ಇ ತಂತಿಗಳು ಷಡ್ಜ, ಮಧ್ಯಮ, ಪಂಚಮಕ್ಕೆ ಸರಿಹೋಗುತ್ತವೆ. ಡಿ ಮತ್ತು ಜಿ ತಂತಿಗಳು ರಾಗದ ಹೊರಗೆ. ಡಿ ತಂತಿಯನ್ನು ಪೂರ್ಣ ಸ್ವರ ಏರಿಸಿ ಇ ಮಾಡುವುದಕ್ಕಿಂತ ಬಲಗೈ ಹೆಬ್ಬೆರಳ ಅಂಚಿನಿಂದ ಅದುಮಿ ಮೌನವಾಗಿಡುವುದು ಸುರಕ್ಷಿತ. ಜಿ ತಂತಿಯನ್ನು ಅರ್ಧ ಸ್ವರ ಇಳಿಸಿದರೆ ಸಿಗುವುದು ಜಿ ಫ್ಲಾಟ್, ರಾಗದ ಗಾಂಧಾರವೇ. ಅದನ್ನು ಓಪನ್ ಬಿಡಬಹುದೇ ಎಂಬುದು ಆ ಗಾಂಧಾರಕ್ಕೆ ಎಷ್ಟು ಗಮಕ ಕೊಡುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಮುಂದಿನ ಕರಡಿನಲ್ಲಿ ಎರಡೂ ರೀತಿ ಬರೆದು ನೋಡುವುದು.