ಸೀನಿದ್ದಕ್ಕೆ ಸೀತೆ

ತಂಬೂರಿ ದಾಸಯ್ಯಗಳು ಹಾಡುವ ಒಂದು ರಾಮಾಯಣವಿದೆ. ಮಕ್ಕಳಿಲ್ಲದ ರಾವುಳನಿಗೆ (ಅಂದರೆ ರಾವಣನಿಗೆ) ಜೋಗಿ ವೇಷದ ಶಿವ ಒಂದು ಮಾವಿನಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ವಾಟೆ ನನಗೆ ಎಂದು ರಾವುಳ ಮಾತು ಕೊಡುತ್ತಾನೆ. ಈ ಆಸೆಬುರುಕ ತಿರುಳನ್ನು ತಾನೇ ತಿಂದು, ಬಸುರಾಗಿ, ಒಂಬತ್ತನೇ ದಿನ ಸೀನುತ್ತಾನೆ. ಮೂಗಿನಿಂದ ಹೆಣ್ಣುಮಗು! ಸೀನಿದ ಅನ್ನೋದಕ್ಕೆ ನಮ್ಮಲ್ಲಿ 'ಸೀತ' ಅಂತಾರಲ್ವಾ, ಅದಕ್ಕೇ ಆಕೆ ಸೀತೆ. ಕನ್ನಡದಲ್ಲಿ ಮಾತ್ರ ಹುಟ್ಟಬಹುದಾದ ಕತೆ ಇದು.

ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಇದನ್ನು ತಮ್ಮ 'ಮುನ್ನೂರು ರಾಮಾಯಣಗಳು' ಪ್ರಬಂಧದಲ್ಲಿ ಹೇಳಿದ್ದಾರೆ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಇತಿಹಾಸ ಆನರ್ಸ್‌ಗೆ ಆ ಪ್ರಬಂಧ ಪಠ್ಯವಾಗಿತ್ತು. 2008ರಲ್ಲಿ ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಗಲಾಟೆಯಾಯಿತು, ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ತಜ್ಞರ ಸಮಿತಿ ಆಯಿತು. ನಾಲ್ವರಲ್ಲಿ ಮೂವರು ಪ್ರಬಂಧದ ಪರ. ಆದರೂ 2011ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ಲೇ ಅದನ್ನು ತೆಗೆದುಹಾಕಿತು.

ನನಗೆ ಕಾಡುವುದು ಇದೇ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ ಧರ್ಮನಿಂದನೆಯ ಕಲಂ 295ಎ (ಈಗ ಭಾರತೀಯ ನ್ಯಾಯ ಸಂಹಿತೆಯ 299) ಸುಮ್ನೆ ಯಾರಿಗೋ ನೋವಾಯಿತು ಅಂದರೆ ಹತ್ತುವುದಿಲ್ಲ. ಬೇಕೆಂದೇ, ದುರುದ್ದೇಶದಿಂದ ಅವಮಾನ ಮಾಡಿರಬೇಕು. 1957ರಲ್ಲೇ ಸುಪ್ರೀಂ ಕೋರ್ಟ್ ಆ ಕಲಂ ಎತ್ತಿಹಿಡಿದಾಗ ಇದನ್ನೇ ಒತ್ತಿ ಹೇಳಿತ್ತು. ದಾಸಯ್ಯನ ಹಾಡನ್ನು ಪ್ರೀತಿಯಿಂದ ಬರೆದಿಟ್ಟವರಲ್ಲಿ ಎಲ್ಲಿಯ ದುರುದ್ದೇಶ?

ಅಂದರೆ ಇಲ್ಲಿ ಕಾನೂನಿನ ಗೆರೆ ದಾಟಿರಲೇ ಇಲ್ಲ. ವಕೀಲ ಗೆಳೆಯನೊಬ್ಬ ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾನೆ: "ಬ್ಯಾನ್ ಎಲ್ಲಿ ಮಾಡಿದಾರೆ? ಸಿಲಬಸ್ ಮಾಡೋದು ಕೌನ್ಸಿಲ್ ಹಕ್ಕು, ಅದೂ ಅಕಾಡೆಮಿಕ್ ಸ್ವಾತಂತ್ರ್ಯಾನೇ." ಮಾತು ತಪ್ಪಲ್ಲ, ಅದೇ ಕಿರಿಕಿರಿ. ಸಂವಿಧಾನದ 19(1)(ಎ) ಎಲ್ಲ ನಾಗರಿಕರಿಗೂ ಮಾತಿನ ಹಕ್ಕು ಕೊಡುತ್ತದೆ, 19(2) ಅದಕ್ಕೆ ಮಿತಿ ಹಾಕುತ್ತದೆ, ಆದರೆ ಮೇಷ್ಟ್ರು ಏನು ಪಾಠ ಮಾಡಬಹುದು ಅನ್ನೋದರ ಬಗ್ಗೆ ಅಲ್ಲಿ ಬೇರೆಯಾಗಿ ಒಂದು ಸಾಲೂ ಇಲ್ಲ. ಹಾಗಾಗಿ ಸ್ವಾತಂತ್ರ್ಯ ಸಂಸ್ಥೆಯದೋ ಪಾಠ ಮಾಡುವವರದೋ ಎಂಬ ಜಗಳದಲ್ಲಿ ಜಾಸ್ತಿ ಸಲ ಸಂಸ್ಥೆಯೇ ಗೆಲ್ಲುತ್ತದೆ.

ನಾನು ಅತಿಥಿ ಉಪನ್ಯಾಸಕ. ವರ್ಷ ವರ್ಷ ಹೊಸ ಆದೇಶ ಬಂದರೆ ಕೆಲಸ, ಇಲ್ಲದಿದ್ದರೆ ಮನೆ. ಕಳೆದ ವರ್ಷ ಕ್ಲಾಸಲ್ಲಿ ರಾಮಾಯಣದ ಮಾತು ಬಂತು. ಸೀನಿನ ಕತೆ ನಾಲಿಗೆ ತುದಿಯಲ್ಲಿತ್ತು. ಹಿಂದಿನ ಬೆಂಚಲ್ಲಿ ಯಾರೋ ಮೊಬೈಲ್ ಮೇಲೆತ್ತಿದ ಹಾಗೆ ಕಂಡಿತು. ನೇಗಿಲಿಗೆ ಸಿಕ್ಕ ಮಗು ಎಂದಷ್ಟೇ ಹೇಳಿ, ಪುಟ ತಿರುಗಿಸಿದೆ.