ಆವನಿಯಲ್ಲಿ ಹೇಳಿದ ಸುಳ್ಳು

ಕಳೆದ ಭಾನುವಾರ ಆವನಿಯ ರಾಮಲಿಂಗೇಶ್ವರ ದೇವಾಲಯದ ಪ್ರಾಕಾರದಲ್ಲಿ, ನನ್ನ ಎರಡು ಮುಷ್ಟಿಗಳಲ್ಲಿದ್ದ ಹಿತ್ತಾಳೆಯ ಕಡ್ಡಿಗಳು ತಾವಾಗಿಯೇ ತಿರುಗಿ ಒಂದಕ್ಕೊಂದು ಅಡ್ಡ ಬಂದು ನಿಂತಾಗ, ಗುಂಪಿನ ಹಿರಿಯರು ಕಡ್ಡಿಗಳನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಾ, "ಮೇಡಂ, ನಿಮ್ಮ ವಂಶದಲ್ಲಿ ಯಾರಾದ್ರೂ ನೀರು ನೋಡೋರಿದ್ರಾ?" ಎಂದು ಕೇಳಿದರು. "ಇಲ್ಲ ಸಾರ್" ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟ ಆ ಉತ್ತರ ಅಪ್ಪಟ ಸುಳ್ಳು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯ ಸುತ್ತಮುತ್ತ ಒಂದು ಕಾಲಕ್ಕೆ ಬಾವಿ ತೋಡಬೇಕಾದವರೆಲ್ಲ ಮೊದಲು ಬಂದು ನಿಲ್ಲುತ್ತಿದ್ದುದು ನನ್ನ ತಾತನ ಜಗಲಿಯ ಮುಂದೆ.

ನನ್ನನ್ನು ಈ ಗುಂಪಿನೊಡನೆ ಕರೆದೊಯ್ದವನು ಚಿಕ್ಕಪ್ಪನ ಮಗ. ಕೋಲಾರದ ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ನಿವೃತ್ತರು, ತಿಂಗಳಿಗೊಂದು ಭಾನುವಾರ ಟೆಂಪೊ ಟ್ರಾವೆಲರ್ ಗೊತ್ತುಮಾಡಿಕೊಂಡು ಹಳೆಯ ಗುಡಿ, ಗವಿ, ಬೆಟ್ಟಗಳಿಗೆ ಹೋಗುತ್ತಾರೆ. ಅಲ್ಲಿ ಕಡ್ಡಿ ಹಿಡಿದು ನಡೆದು, ನೆಲದಡಿಯ ನೀರಿನ ಸೆಲೆಗಳನ್ನೂ ತಾವು 'ಶಕ್ತಿರೇಖೆ' ಎಂದು ಕರೆಯುವ ಇನ್ನೇನನ್ನೋ ಗುರುತಿಸಿ, ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು ಬರುತ್ತಾರೆ. ಹಿಂದಿನ ತಿಂಗಳು ಅಂತರಗಂಗೆಗೆ ಹೋಗಿದ್ದರಂತೆ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಸುರಿಯುವ ಜಾಗದಲ್ಲಿ ನೀರಿದೆಯೆಂದು ಕಂಡುಹಿಡಿಯಲು ಕಡ್ಡಿಯೇಕೆ ಎಂದು ನಾನು ಕೇಳಿದ್ದಕ್ಕೆ, "ಅಕ್ಕಾ, ನೀನು ಒಂದ್ಸಲ ಬಂದು ನೋಡು, ಆಮೇಲೆ ಮಾತಾಡು" ಎಂದು ತಮ್ಮ ಮುನಿಸಿಕೊಂಡಿದ್ದ. ಹೀಗಾಗಿ ಹೋದೆ.

ಹಿರಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಒಳ್ಳೆಯವರು, ವ್ಯಾನಿನಲ್ಲಿ ಎಲ್ಲರಿಗೂ ಕಡಲೆಕಾಯಿ ಹಂಚಿದರು, ಬೆಟ್ಟ ಹತ್ತುವಾಗ ನನ್ನ ಚೀಲವನ್ನು ತಾವೇ ಹೊತ್ತರು. ಆದರೆ ಓದಿದ್ದನ್ನೆಲ್ಲ ತಮ್ಮ ಕಡ್ಡಿಯ ಕಡೆಗೇ ಬಗ್ಗಿಸಿಕೊಳ್ಳುವ ಅಭ್ಯಾಸ ಅವರಿಗಿದೆ. ಇಂಗ್ಲೆಂಡಿನ ಆಲ್‌ಫ್ರೆಡ್ ವಾಟ್‌ಕಿನ್ಸ್ 1921ರಲ್ಲಿಯೇ ಶಕ್ತಿರೇಖೆಗಳನ್ನು ಕಂಡಿದ್ದನೆಂದು ಮುಳಬಾಗಿಲು ತಲಪುವವರೆಗೆ ವಿವರಿಸಿದರು. ಪ್ರಾಚೀನ ಸ್ಥಳಗಳು ಸರಳರೇಖೆಯಲ್ಲಿ ಸಾಲುಗೂಡಿವೆ, ಅವು ಹಿಂದಿನವರು ನಡೆದಾಡಿದ ದಾರಿಗಳಿರಬೇಕು ಎಂದಷ್ಟೇ ಆತ ಹೇಳಿದ್ದು; ಅದರೊಳಗೆ ಶಕ್ತಿಯನ್ನು ಹರಿಯಿಸಿದವರು ಅವನ ನಂತರದವರು. ಆಮೇಲೆ ವರಾಹಮಿಹಿರನ ಸರದಿ. ಬೃಹತ್ಸಂಹಿತೆಯಲ್ಲಿ ಅಂತರ್ಜಲಕ್ಕೆಂದೇ ದಕಾರ್ಗಳವೆಂಬ ಅಧ್ಯಾಯವಿರುವುದು ನಿಜ, ಅದು ಸೊಗಸಾದ ಅಧ್ಯಾಯವೂ ಹೌದು. ಆದರೆ ಅಲ್ಲಿ ನೀರಿನ ಗುರುತು ಹೇಳುವವು ಮರ, ಹುತ್ತ, ಮಣ್ಣಿನ ಬಣ್ಣ, ಅಗೆಯುವಾಗ ಸಿಗುವ ಕಪ್ಪೆ. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲಿಯೇ ಹುತ್ತವಿದ್ದರೆ ಅದರ ದಕ್ಷಿಣ ಪಕ್ಕದಲ್ಲಿ ಎರಡು ಪುರುಷ ಆಳಕ್ಕೆ ಸಿಹಿನೀರು ಸಿಗುತ್ತದೆ ಎನ್ನುತ್ತಾನೆ ಅವನು. ಪುರುಷವೆಂದರೆ ಒಬ್ಬ ಆಳು ಕೈಯೆತ್ತಿ ನಿಂತಷ್ಟು ಎತ್ತರ. ಸಾವಿರದಿನ್ನೂರು ಅಡಿಯ ಬೋರ್‌ವೆಲ್ ದೊಡ್ಡ ಸುದ್ದಿಯೇ ಅಲ್ಲದ ನಮ್ಮ ಜಿಲ್ಲೆಯಲ್ಲಿ ಕುಳಿತು ಅದನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಆವನಿಯಲ್ಲಿ ನೋಡಬೇಕಾದದ್ದು ಬೇಕಾದಷ್ಟಿದೆ. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರನ ಗುಡಿಗಳು, ನೊಳಂಬರ ಕಾಲದ ಕಂಬಗಳು, ಹಿಂದೆ ಬೆಟ್ಟ, ಬೆಟ್ಟದ ಮೇಲೆ ಸೀತಮ್ಮನ ಗುಡಿ. ಇಲ್ಲಿನ ಶಾಸನವೊಂದು ತ್ರಿಭುವನಕರ್ತಾರನೆಂಬ ಯತಿಯನ್ನು ಹೊಗಳುತ್ತದೆ: ಆತ ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ನನಗೆ ಆ ಎರಡು ಕೆರೆಗಳ ಮೇಲೆಯೇ ಹೆಚ್ಚು ಗೌರವ. ಮಳೆ ಎಲ್ಲಿ ಬಿದ್ದು ಯಾವ ಇಳಿಜಾರಿನಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಣ್ಣಿನಿಂದ ನೋಡಿ ಕಟ್ಟೆ ಹಾಕಬೇಕಾದ ಕೆಲಸ ಅದು. ನಮ್ಮ ಗುಂಪಿನವರು ಶಾಸನದ ಮುಂದೆ ನಿಲ್ಲಲಿಲ್ಲ. ಎಲ್ಲರೂ ಕಡ್ಡಿ ತೆಗೆದು ಸಾಲಾಗಿ ನಡೆಯತೊಡಗಿದ್ದರು.

ನನಗೆ ಕೊಟ್ಟ ಕಡ್ಡಿಗಳು ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಸರಳನ್ನು ಇಂಗ್ಲಿಷಿನ L ಅಕ್ಷರದಂತೆ ಬಗ್ಗಿಸಿ ಮಾಡಿದವು. ಹಿಡಿಯ ಭಾಗಕ್ಕೆ ಖಾಲಿಯಾದ ಬಾಲ್‌ಪೆನ್ನಿನ ನೀಲಿ ಕೊಳವೆ ತೊಡಿಸಿದ್ದರು. ಕೊಳವೆಯನ್ನು ಎಷ್ಟು ಬಿಗಿಯಾಗಿ ಹಿಡಿದರೂ ಒಳಗಿನ ಸರಳು ಸಲೀಸಾಗಿ ತಿರುಗುತ್ತದೆ. ಇದರ ಗುಟ್ಟು ನನಗೆ ಗೊತ್ತಿತ್ತು. ಇಷ್ಟು ಅಸ್ಥಿರವಾಗಿ ತೂಗಿಸಿದ ಸರಳಿಗೆ ಮಣಿಕಟ್ಟು ನಮಗೇ ತಿಳಿಯದಷ್ಟು ವಾಲಿದರೂ ಸಾಕು, ಅದು ತಿರುಗುತ್ತದೆ. ಮನಸ್ಸು ಎದುರುನೋಡುವುದನ್ನು ಸ್ನಾಯು ನಮ್ಮ ಅಪ್ಪಣೆ ಕೇಳದೆ ಮಾಡಿಬಿಡುತ್ತದೆ ಎಂದು ವಿಲಿಯಂ ಕಾರ್ಪೆಂಟರ್ ಎಂಬ ವೈದ್ಯ 1852ರಲ್ಲೇ ವಿವರಿಸಿದ್ದಾನೆ. ಜರ್ಮನಿಯ ಮ್ಯೂನಿಕ್ ಬಳಿ 1980ರ ದಶಕದಲ್ಲಿ ಒಂದು ಕೊಟ್ಟಿಗೆಯ ಕೆಳ ಅಂತಸ್ತಿನಲ್ಲಿ ನೀರಿನ ಕೊಳವೆಯನ್ನು ಅತ್ತಿತ್ತ ಸರಿಸುತ್ತಾ, ಮೇಲಂತಸ್ತಿನಲ್ಲಿ ನಡೆಯುವ ಜಲಶೋಧಕರನ್ನು ಪರೀಕ್ಷಿಸಿದ್ದರು. ನೂರಾರು ಮಂದಿಯಿಂದ ಆರಿಸಿದ 43 ಜನ. ಆ ಅಂಕಿಗಳನ್ನು ಆಮೇಲೆ ಕೂಲಂಕಷವಾಗಿ ನೋಡಿದವರಿಗೆ ಕುರುಡು ಊಹೆಗಿಂತ ಮಿಗಿಲಾದದ್ದೇನೂ ಕಾಣಲಿಲ್ಲ. ಇಷ್ಟೆಲ್ಲ ತಿಳಿದಿದ್ದೂ, ಲಕ್ಷ್ಮಣೇಶ್ವರನ ಗುಡಿಯ ಮೂಲೆ ದಾಟುವಾಗ ಕಡ್ಡಿಗಳು ಮೆಲ್ಲಗೆ ಒಳಮುಖವಾಗಿ ಹೊರಳಿದಾಗ ನನ್ನ ಮೈ ಜುಮ್ಮೆಂದಿತು. ಆ ಹೊರಳುವಿಕೆಯಲ್ಲಿ ನನ್ನ ಕೈವಾಡವಿದೆಯೆಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ. ತಾತನಿಗೂ ಹೀಗೇ ಆಗುತ್ತಿದ್ದಿರಬೇಕು ಎಂದು ಮೊದಲ ಸಲ ಹೊಳೆದದ್ದು ಆಗಲೇ, ಹಿರಿಯರು ಆ ಪ್ರಶ್ನೆ ಕೇಳಿದ್ದೂ ಆಗಲೇ.

ತಾತ ಬೇವಿನ ಕವಲುಕಡ್ಡಿ ಹಿಡಿಯುತ್ತಿದ್ದರು. ಎಲೆ ಅಡಿಕೆಯ ಜೊತೆಗೆ ಹನ್ನೊಂದು ರೂಪಾಯಿ ಅವರ ಕಾಣಿಕೆ, ಅದೂ ನೀರು ಬಿದ್ದ ಮೇಲೆ. ತೆರೆದ ಬಾವಿಗಳ ಕಾಲದಲ್ಲಿ ಅವರ ಮಾತು ತಪ್ಪಿದ್ದೇ ಇಲ್ಲವೆಂದು ಅಜ್ಜಿ ಹೇಳುತ್ತಿದ್ದರು. ಮೂವತ್ತು ನಲವತ್ತು ಅಡಿಗೆ ಎಲ್ಲೆಡೆಯೂ ನೀರಿದ್ದ ದಿನಗಳಲ್ಲಿ ಅದು ತಪ್ಪುವುದಾದರೂ ಹೇಗೆ? ಬೋರ್‌ವೆಲ್‌ಗಳು ಬಂದು, ಮಣ್ಣಿನ ಪದರದ ನೀರೆಲ್ಲ ತೀರಿ, ಗಟ್ಟಿ ಕಲ್ಲಿನ ಯಾವುದೋ ಬಿರುಕಿಗೆ ಕೊಳವೆ ತಾಗಿದರೆ ಮಾತ್ರ ನೀರು ಎಂಬಂತಾದಾಗಲೂ ತಾತನ ಕೈ ಬದಲಾಗಿರಲಿಲ್ಲ. ನೀರು ಇಳಿದುಹೋಗಿತ್ತು, ಅಷ್ಟೆ.

2003ರ ಬೇಸಿಗೆಯಲ್ಲಿ ಪಕ್ಕದ ಹೊಲದ ಮಾವ ಟೊಮೆಟೊ ಒಣಗುತ್ತಿದೆಯೆಂದು ಸಾಲ ಮಾಡಿ ಬೋರ್ ಹಾಕಿಸಲು ಹೊರಟರು. ಪಾಯಿಂಟ್ ತೋರಿಸಿದ್ದು ತಾತ. ಸುಣ್ಣದ ಗುರುತಿನ ಮೇಲೆ ಕಾಯಿ ಒಡೆದು, ಕರ್ಪೂರ ಹಚ್ಚಿ, ಸಂಜೆಗೆ ತಿರುಚೆಂಗೋಡಿನ ಲಾರಿ ಕೊರೆಯಲು ತೊಡಗಿತು. ರಾತ್ರಿ ಊಟ ತೆಗೆದುಕೊಂಡು ನಾನು ಹೊಲಕ್ಕೆ ಹೋದಾಗ ತಾತ ಗೋಣಿಚೀಲದ ಮೇಲೆ ಕುಳಿತಿದ್ದರು. ಲಾರಿಯ ದೀಪದ ಬೆಳಕಿನಲ್ಲಿ ಅವರ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲವೂ ಕಲ್ಲಿನ ಪುಡಿ ಕೂತು ಬೂದಿ ಬಳಿದಂತಿದ್ದವು. ನಾನೂರು ಅಡಿ, ಆರುನೂರು ಅಡಿ, ಪ್ರತಿಯೊಂದು ಅಡಿಗೂ ದುಡ್ಡು. ಏಳುನೂರ ಎಂಬತ್ತಕ್ಕೂ ಬರೀ ಧೂಳು. ಮಾವ ಲಾರಿಯವನಿಗೆ ಕೈಸನ್ನೆ ಮಾಡಿ ನಿಲ್ಲಿಸಿ, ತಾತನ ಹತ್ತಿರ ಬಂದು, "ಏಳು ತಾತಾ, ಮನೆಗೆ ಹೋಗಾನ. ನೀನು ಇನ್ನೂ ಊಟ ಮಾಡಿಲ್ಲ" ಎಂದರು. ಬೈದಿದ್ದರೆ ತಾತ ತಡೆದುಕೊಳ್ಳುತ್ತಿದ್ದರೇನೋ. ಆಮೇಲೆ ಅವರು ಯಾರ ಹೊಲಕ್ಕೂ ನೀರು ನೋಡಲು ಹೋಗಲಿಲ್ಲ. ಮಾವ ಮರುವರ್ಷ ಒಂದು ಎಕರೆ ಮಾರಿದರು. ಆ ಬೋರಿನ ಬಾಯಿಗೆ ಮುಚ್ಚಿದ ಚಪ್ಪಡಿ ಈಗಲೂ ಅಲ್ಲೇ ಇದೆ, ಊರಿಗೆ ಹೋದಾಗಲೆಲ್ಲ ನಾನು ಅದನ್ನು ಬಳಸಿಕೊಂಡು ನಡೆಯುತ್ತೇನೆ.

ಭಾನುವಾರದಿಂದ ಆ "ಇಲ್ಲ ಸಾರ್" ನನ್ನ ಕಿವಿಯಲ್ಲಿ ಎಷ್ಟು ಸಲ ಮೊಳಗಿದೆಯೋ ಲೆಕ್ಕವಿಲ್ಲ. ತಾತನನ್ನು ಈ ಗುಂಪಿನ ಒಂದು ಮಾದರಿಯನ್ನಾಗಿಸುವುದು ಬೇಡವೆಂದು ಹಾಗೆ ಹೇಳಿದೆ ಎಂದು ಮುಳಬಾಗಿಲಿನಲ್ಲಿ ದೋಸೆ ತಿನ್ನುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಾತ್ರಿ ನಿದ್ದೆ ಬಾರದಾಗ ನಿಜ ಒಪ್ಪಿಕೊಳ್ಳಬೇಕಾಯಿತು: ನನಗೆ ನಾಚಿಕೆಯಾಗಿತ್ತು. ಓದಿದ ಹುಡುಗಿಯಾಗಿ ಇಪ್ಪತ್ತು ವರ್ಷಗಳಿಂದ ತಾತನ ನಂಬಿಕೆಯನ್ನು ಮೂಢನಂಬಿಕೆಗಳ ಪಟ್ಟಿಯಲ್ಲಿಟ್ಟು ಕೈ ತೊಳೆದುಕೊಂಡಿದ್ದೆ.

ಆದರೆ ಆ ದಿನ ಪ್ರಾಕಾರದಲ್ಲಿ ಕಂಡದ್ದಕ್ಕೂ ತಾತ ಮಾಡುತ್ತಿದ್ದುದಕ್ಕೂ ಕಡ್ಡಿಯೊಂದನ್ನು ಬಿಟ್ಟರೆ ಹೋಲಿಕೆಯಿಲ್ಲ. ಗುಂಪಿನವರು ಬೆಳಗಿನಿಂದ ಸಂಜೆಯೊಳಗೆ ಕಡಿಮೆಯೆಂದರೂ ನಲವತ್ತು ಸಲ "ಇಲ್ಲಿದೆ" ಎಂದರು. ಒಂದನ್ನೂ ಯಾರೂ ಅಗೆದು ನೋಡುವುದಿಲ್ಲ. ಸಂರಕ್ಷಿತ ಸ್ಮಾರಕದ ಅಂಗಳವನ್ನು ಅಗೆಯುವಂತೆಯೂ ಇಲ್ಲ. ಶಕ್ತಿರೇಖೆಗೆ ಕೇಸಿಂಗ್ ಪೈಪು ಬೇಡ, ಸಾಲ ಬೇಡ, ರಾತ್ರಿಯೆಲ್ಲ ಧೂಳು ಕುಡಿದು ಕೂರುವವರು ಬೇಡ. ತಾತನ "ಇಲ್ಲಿ" ಎಂಬ ಮಾತಿನ ಮೇಲೆ ಒಂದು ಸಂಸಾರದ ವರ್ಷದ ಅನ್ನ ನಿಂತಿರುತ್ತಿತ್ತು. ಅಷ್ಟು ದುಡ್ಡನ್ನು ನೆಲದೊಳಕ್ಕೆ ಇಳಿಸುವ ರೈತನಿಗೆ ಎಲ್ಲಿ ಎಂದು ಯಾರಾದರೂ ಹೇಳಲೇಬೇಕಾಗಿತ್ತು. ಯಂತ್ರ ತಂದು ನೋಡಿದವರ ಪಾಯಿಂಟುಗಳೂ ನಮ್ಮೂರಿನಲ್ಲಿ ಫೇಲಾಗಿವೆ, ಅವರು ಮಾತ್ರ ಫೀಸು ಮೊದಲೇ ತೆಗೆದುಕೊಂಡು ಹೋಗಿರುತ್ತಾರೆ. ತಾತ ತಪ್ಪು ತಿಳಿದಿದ್ದರು, ಆ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ. ಆದರೆ ತಪ್ಪೆಂದು ಗೊತ್ತಾಗುವವರೆಗೆ ಅಲ್ಲಿಯೇ ಕುಳಿತಿದ್ದರು.

ಮಂಗಳವಾರ ಗುಂಪಿನ ವಾಟ್ಸಾಪ್‌ಗೆ ಪ್ರವಾಸದ ವರದಿ ಬಂತು. ಎರಡನೆಯ ಪುಟದಲ್ಲಿ ನಾನಿದ್ದೆ: "ಮೊದಲ ಬಾರಿ ಕಡ್ಡಿ ಹಿಡಿದ, ವಂಶದಲ್ಲಿ ಯಾರೂ ಜಲಶೋಧಕರಿಲ್ಲದ ಮಹಿಳೆಗೂ ಸ್ಪಷ್ಟ ಸ್ಪಂದನ ದೊರೆತಿದ್ದು, ಈ ಶಕ್ತಿ ಎಲ್ಲರಲ್ಲೂ ಇದೆ ಎಂಬುದು ಇದರಿಂದ ಸಾಬೀತಾಗುತ್ತದೆ." ನನ್ನ ಸುಳ್ಳು ಪುರಾವೆಯಾಗಿಬಿಟ್ಟಿತ್ತು. ಮೂರು ಸಲ ಬರೆದು ಮೂರು ಸಲ ಅಳಿಸಿ, ಕೊನೆಗೆ ಹಿರಿಯರಿಗೊಬ್ಬರಿಗೇ ಕಳುಹಿಸಿದೆ: "ಸಾರ್, ಅವತ್ತು ತಪ್ಪು ಹೇಳಿದೆ. ನಮ್ಮ ತಾತ ನೀರು ನೋಡುತ್ತಿದ್ದರು. ಅವರು ತೋರಿಸಿದ ಕೊನೆಯ ಬೋರಿನಲ್ಲಿ ಏಳುನೂರ ಎಂಬತ್ತು ಅಡಿಗೂ ನೀರು ಬೀಳಲಿಲ್ಲ."

ಐದು ನಿಮಿಷದೊಳಗೆ ಉತ್ತರ ಬಂತು. "ನನಗೆ ಅವತ್ತೇ ಗೊತ್ತಿತ್ತು ಮೇಡಂ." ಅದರ ಹಿಂದೆಯೇ ತಿದ್ದಿದ ವರದಿಯೂ ಬಂತು: ತಾತನಿಂದ ಮೊಮ್ಮಗಳಿಗೆ ಇಳಿದುಬಂದ ಸ್ಪಂದನ, ಈ ಶಕ್ತಿ ವಂಶಪಾರಂಪರ್ಯ ಎಂಬುದು ಇದರಿಂದ ಸಾಬೀತಾಗುತ್ತದೆ. ಏಳುನೂರ ಎಂಬತ್ತು ಅಡಿಯ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.