ಒಂದು ಪಾಯಿಂಟೂ ಹಾಕದ ಹುಡುಗಿ

"ಹಾಕೋದು ಅವಳ ಕೆಲಸ ಅಲ್ಲ ಸಾರ್. ಅವರ ಐದನೇ ನಂಬರಿಗೆ ಬಾಲ್ ಸಿಗಬಾರದು. ಅಷ್ಟೇ ಹೇಳಿದ್ದಾರೆ ಅವಳಿಗೆ."

ಈ ವಾರ ಅಂಗಡಿಯಲ್ಲಿ ಬಿಲ್ ಬರೆಯುವಾಗಲೂ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಕೇಳಿದ ಈ ಮಾತೇ ಕಿವಿಯಲ್ಲಿದೆ. ಹೇಳಿದವರು ಖಾಕಿ ಅಂಗಿ ಹಾಕಿದ್ದ ಒಬ್ಬ ಆಟೋ ಡ್ರೈವರ್. ಹೇಳಿಸಿಕೊಂಡವರು ಜರ್ಕಿನ್ ಹಾಕಿದ್ದ ಒಬ್ಬರು, ವಯಸ್ಸಿನಲ್ಲಿ ಇವರಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ನಾನು ಇಬ್ಬರ ಮಧ್ಯೆ ಕಾಫಿ ಲೋಟ ಹಿಡಿದು ಕೂತಿದ್ದೆ.

ಭಾನುವಾರ ಮಡಿಕೇರಿಯಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಇತ್ತು. ಕಾಲೇಜುಗಳ ಲೀಗ್. ಎದುರಾಳಿ ಗೋಣಿಕೊಪ್ಪ ಕಡೆಯ ತಂಡ. ನಮ್ಮಲ್ಲಿ ಗ್ಯಾಲರಿ ತುಂಬುವುದು ಹಾಕಿಗೆ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದ ಕೊಡವ ಕುಟುಂಬಗಳ ಹಾಕಿ, 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ಹೊತ್ತಿಗೆ 396 ತಂಡಗಳಿಗೆ ಮುಟ್ಟಿತ್ತು. ಇಂಥ ಊರಲ್ಲಿ ಯಾವ ಆಟವೇ ಆಗಲಿ, ನೋಡಲು ಬಂದವರಲ್ಲಿ ಅರ್ಧ ಜನ ಮಾಜಿ ಆಟಗಾರರು, ಉಳಿದ ಅರ್ಧ ಜನ ಕೋಚ್‌ಗಳು. ಸುಮ್ನೆ ನೋಡಿ ಹೋಗುವವರು ಯಾರೂ ಇಲ್ಲ.

ಹಾಫ್ ಟೈಮಿಗೆ ನಾವು 22, ಅವರು 17. ಅಷ್ಟರಲ್ಲಿ ಮಳೆ ಬಂತು. ಮಾರ್ಚ್ ತಿಂಗಳ ಮೊದಲ ಮಳೆ, ಹೂಮಳೆ! ಕಾಂಕ್ರೀಟ್ ಅಂಕಣ ಒದ್ದೆಯಾದರೆ ಆಟ ಇಲ್ಲ, ಜಾರಿ ಬಿದ್ದು ಮೊಣಕಾಲು ಹೋಗುತ್ತದೆ. ಎಲ್ಲರೂ ಶೆಡ್ಡಿನ ಕೆಳಗೆ ಸೇರಿದೆವು. ಕಾಫಿ ತೋಟ ಇರುವವರ ಮುಖ ನೋಡಬೇಕಿತ್ತು. ಆಟ ನಿಂತಿದ್ದಕ್ಕೆ ಬೈಯುತ್ತಾ, ಮರುಕ್ಷಣವೇ ಮನೆಗೆ ಫೋನ್ ಮಾಡಿ "ಅಲ್ಲಿ ಎಷ್ಟು ಸೆಂಟ್ ಬಿತ್ತು?" ಎಂದು ಕೇಳುತ್ತಿದ್ದರು. ನೂರು ಸೆಂಟ್ ಅಂದರೆ ಒಂದು ಇಂಚು ಮಳೆ. ರೊಬಸ್ಟಾ ಕಾಫಿ ಹೂವಿಗೆ ಒಂದು ಇಂಚಾದರೂ ಬೇಕು. ಇಲ್ಲಿ ಬಿದ್ದಿದ್ದು ಅದರ ಕಾಲು ಭಾಗವೂ ಇರಲಿಕ್ಕಿಲ್ಲ. ಅಂಕಣ ಹಾಳಾಯಿತು, ಹೂವಿಗೂ ಸಾಲಲಿಲ್ಲ.

ಜರ್ಕಿನ್‌ನವರು ಶುರು ಮಾಡಿದ್ದು ಆಗ. "ನಮ್ಮ ಹನ್ನೊಂದನೇ ನಂಬರ್ ಯಾಕೆ ಬೇಕು ಹೇಳಿ? ಇಪ್ಪತ್ತು ನಿಮಿಷ ಪೂರ್ತಿ ಆಡಿದ್ದಾಳೆ. ಒಂದು ಪಾಯಿಂಟ್ ಇಲ್ಲ. ಬೆಂಚಲ್ಲಿ ಒಳ್ಳೆ ಶೂಟರ್ ಕೂತಿದ್ದಾಳೆ."

ಆ ಒಳ್ಳೆ ಶೂಟರ್ ಇವರ ಅಣ್ಣನ ಮಗಳು. ಅದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹುಡುಗಿ ನಿಜಕ್ಕೂ ಚೆನ್ನಾಗಿ ಶೂಟ್ ಮಾಡುತ್ತಾಳೆ, ಅದನ್ನೂ ಹೇಳಬೇಕು. ಆದರೆ ಚಿಕ್ಕಪ್ಪನ ಗಂಟಲು ಅವಳ ಕೈಗಿಂತ ಜೋರು.

ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ಖಾಕಿ ಅಂಗಿಯವರು ಹಿಂದೆ ತಿರುಗಿದ್ದು ಆಗಲೇ. ಹನ್ನೊಂದನೇ ನಂಬರಿನ ಅಪ್ಪ ಅವರು. ಜಗಳಕ್ಕೆ ತಿರುಗಲಿಲ್ಲ. ಮಗಳಿಂದ ಏನೋ ತಪ್ಪಾಗಿದೆ, ತಾವು ವಿವರಣೆ ಕೊಡಬೇಕು ಅನ್ನುವ ಹಾಗೆ ಅರ್ಧ ಎದ್ದು ನಿಂತು ಆ ಮಾತು ಹೇಳಿದರು. ಹೇಳಿ ಮತ್ತೆ ಕೂತು ಮಳೆ ನೋಡತೊಡಗಿದರು.

ಜರ್ಕಿನ್‌ನವರು "ಹಂಗಾದ್ರೆ ಸರಿ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಈಗಲೂ ಹಿಡಿಸಿಲ್ಲ.

ಆ ಹುಡುಗಿ ಅಂಕಣದಲ್ಲಿ ಮಾಡುತ್ತಿದ್ದುದು ಇಷ್ಟು. ಗೋಣಿಕೊಪ್ಪದ ಐದನೇ ನಂಬರಿನವಳು ಎಲ್ಲಿ ಹೋದರೂ ಬಾಲಿಗೂ ಅವಳಿಗೂ ಮಧ್ಯೆ ಇವಳ ಒಂದು ಕೈ ಇರುತ್ತಿತ್ತು. ಅವಳನ್ನು ಬಿಡಿಸಲು ಎತ್ತರದ ಹುಡುಗಿಯೊಬ್ಬಳು ಬಂದು ಇವಳ ದಾರಿಗೆ ಅಡ್ಡ ನಿಂತು ಸ್ಕ್ರೀನ್ ಹಾಕಿದರೆ, ಇವಳು ಭುಜ ತೂರಿಸಿ ಆ ಕಡೆಯಿಂದ ಹೊರಬರುತ್ತಿದ್ದಳು. ಪಾಸ್ ಕೊಡಬೇಕಾದವಳು ಕೈ ಎತ್ತಿ, ದಾರಿ ಕಾಣದೆ, ಬೇರೆಯವರಿಗೆ ಕೊಡುತ್ತಿದ್ದಳು. ಬಾಲ್ ಸಿಕ್ಕ 24 ಸೆಕೆಂಡಿನೊಳಗೆ ಶಾಟ್ ಹೊಡೆಯಲೇಬೇಕು. ಆ ಗಡಿಯಾರ ಓಡುತ್ತಿರುವಾಗ ಹೀಗೆ ಐದಾರು ಸೆಕೆಂಡ್ ಹಾಳಾದರೆ, ಕೊನೆಗೆ ಯಾರೋ ಅವಸರದಲ್ಲಿ ಎಲ್ಲಿಂದಲೋ ಎಸೆಯಬೇಕು. ಸ್ಕೋರ್ ಶೀಟಿನಲ್ಲಿ ಇದಕ್ಕೆ ಕಾಲಂ ಇಲ್ಲ. ಬಾಲ್ ಕಿತ್ತುಕೊಂಡರೆ ಸ್ಟೀಲ್ ಎಂದು ಬರೆಯುತ್ತಾರೆ, ಶಾಟ್ ತಡೆದರೆ ಬ್ಲಾಕ್. ಬಾರದೇ ಹೋದ ಪಾಸನ್ನು ಎಲ್ಲಿ ಬರೆಯುವುದು? ಮೊದಲ ಅರ್ಧದಲ್ಲಿ ಐದನೇ ನಂಬರಿನವಳಿಗೆ ಸಿಕ್ಕಿದ್ದು ನಾಲ್ಕೇ ಪಾಯಿಂಟ್.

ಶೆಡ್ಡಿನಲ್ಲಿ ನಮ್ಮ ಬ್ಯಾಂಕಿನ ರಾಯರೂ ಇದ್ದರು. ಬೆಳಗಿನ ಜಾವ ಎದ್ದು ಫೋನಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಮನುಷ್ಯ. ಅವರಿಗೆ ಗೊತ್ತಿರುವುದು ಬಹಳ, ಅದನ್ನು ಹೇಳದೆ ಇರಲಾರರು. "2015ರ ಫೈನಲ್ಸ್ ನೆನಪಿದ್ಯಾ?" ಎಂದು ಎದ್ದೇಬಿಟ್ಟರು. ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಗೋಲ್ಡನ್ ಸ್ಟೇಟ್ ವಾರಿಯರ್ಸ್ 1-2ರಲ್ಲಿ ಹಿಂದಿತ್ತು. ಕೋಚ್ ಸ್ಟೀವ್ ಕರ್ ನಾಲ್ಕನೇ ಪಂದ್ಯಕ್ಕೆ ಎತ್ತರದ ಆಂಡ್ರ್ಯೂ ಬೋಗಟ್‌ರನ್ನು ಮೊದಲ ಐವರಿಂದ ತೆಗೆದು ಆಂಡ್ರೆ ಇಗ್ವಡಾಲರನ್ನು ಹಾಕಿದರು. ಆ ಸೀಸನ್ ಪೂರ್ತಿ ಇಗ್ವಡಾಲ ಒಂದು ಪಂದ್ಯದಲ್ಲೂ ಮೊದಲ ಐವರಲ್ಲಿ ಇರಲಿಲ್ಲ. ಅವರ ಮುಖ್ಯ ಕೆಲಸ ಎದುರಾಳಿ ತಂಡದ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್‌ರನ್ನು ಕಾಯುವುದು. ವಾರಿಯರ್ಸ್ ಸತತ ಮೂರು ಗೆದ್ದು ಕಪ್ ಎತ್ತಿತು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿ ಹೋಗಿದ್ದು ಇಗ್ವಡಾಲಗೆ.

ಎಲ್ಲರೂ ತಲೆಯಾಡಿಸುತ್ತಿದ್ದಾಗ ಪಕ್ಕದಲ್ಲಿದ್ದ ಪಿಯುಸಿ ಹುಡುಗನೊಬ್ಬ ಫೋನ್ ನೋಡುತ್ತಾ, "ಅಂಕಲ್, ಕೊನೇ ಮ್ಯಾಚಲ್ಲಿ ಅವನು 25 ಪಾಯಿಂಟ್ ಹೊಡೆದಿದ್ದಾನೆ" ಎಂದ. ಜರ್ಕಿನ್‌ನವರಿಗೆ ಅಷ್ಟು ಸಾಕಾಯಿತು. "ನೋಡಿ! ತಡೆದಿದ್ದಕ್ಕಲ್ಲ, ಹೊಡೆದಿದ್ದಕ್ಕೆ ಕೊಟ್ಟಿದ್ದು!"

ರಾಯರು ಲು ಡಾರ್ಟ್ ಹೆಸರು ತೆಗೆದರು. 2019ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾವ ತಂಡಕ್ಕೂ ಬೇಡವಾಗಿದ್ದ ಹುಡುಗ. 2025ರಲ್ಲಿ ಓಕ್ಲಹೋಮ ಸಿಟಿ ಥಂಡರ್ ಕಪ್ ಗೆದ್ದಾಗ ಮೊದಲ ಐವರಲ್ಲಿ ಒಬ್ಬ, ಎದುರಾಳಿಯ ದೊಡ್ಡ ಸ್ಕೋರರ್‌ಗೆ ಅಂಟಿಕೊಳ್ಳುವುದೇ ಅವನ ಉದ್ಯೋಗ. ಆದರೆ ಅಷ್ಟರಲ್ಲಿ ಯಾರೂ ಕೇಳುತ್ತಿರಲಿಲ್ಲ. ರಾಯರದ್ದು ಯಾವಾಗಲೂ ಹೀಗೆ, ಮೊದಲ ಉದಾಹರಣೆಯಲ್ಲೇ ಸಿಕ್ಕಿಬೀಳುತ್ತಾರೆ.

ಹಾಕಿ ಮಾವ ಮಾತ್ರ ಸುಮ್ಮನಿದ್ದರು. ಎಪ್ಪತ್ತು ದಾಟಿದವರು, ಒಂದು ಕಾಲಕ್ಕೆ ಹಾಕಿಯಲ್ಲಿ ಒಳ್ಳೆಯ ಬ್ಯಾಕ್, ಹಿಂದೆ ನಿಂತು ತಡೆಯುವ ಆಟಗಾರ. ಊರಿಗೆಲ್ಲ ಮಾವ. ಬಹಳ ಹೊತ್ತಿನ ಮೇಲೆ ನನ್ನ ಕಡೆ ಬಗ್ಗಿ, "ಕಂದಕ ತೋಡಿಸಿದ ಮೇಲೆ ತೋಟಕ್ಕೆ ಬಾರದ ಆನೆಯನ್ನ ಯಾರು ಎಣಿಸ್ತಾರೆ ಮಾರಾಯ?" ಎಂದರು. ಜೋರಾಗಿ ಹೇಳಿ ಮಾವ ಅಂದೆ. ತಲೆಯಾಡಿಸಿಬಿಟ್ಟರು.

ಅಂಕಣ ಒರೆಸಿ ಮತ್ತೆ ಆಟ ಶುರುವಾಯಿತು. ಮೂರನೇ ಕ್ವಾರ್ಟರಿನ ಎರಡನೇ ನಿಮಿಷಕ್ಕೆ ಹನ್ನೊಂದನೇ ನಂಬರಿಗೆ ಮೂರನೇ ಫೌಲ್. ಐದಾದರೆ ಆಟದಿಂದಲೇ ಹೊರಗೆ. ಆಗ ನಾವು 26, ಅವರು 19. ನಮ್ಮ ಪಿ.ಟಿ. ಮೇಷ್ಟ್ರು ಅವಳನ್ನು ಕೂರಿಸಿ ಶೂಟರ್ ಹುಡುಗಿಯನ್ನು ಇಳಿಸಿದರು. ಜರ್ಕಿನ್‌ನವರು ತಮ್ಮ ಮಾತು ನಡೆಯಿತು ಅನ್ನುವ ಹಾಗೆ ಸುತ್ತ ನೋಡಿದರು. ಕಾರಣ ಫೌಲ್ ಇರಬಹುದು, ಗ್ಯಾಲರಿಯ ಕೂಗೂ ಇರಬಹುದು. ಮೇಷ್ಟ್ರು ಯಾರಿಗೂ ಹೇಳಿಲ್ಲ.

ಅವಳು ಹೊರಗೆ ಹೋದ ಮೇಲೆ ನಮ್ಮವರು ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಕಾಯುವುದನ್ನು ಬಿಟ್ಟು, ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ಜೋನ್‌ಗೆ ಹೋದರು. ಮುಂದೆ ಇಬ್ಬರು, ರಿಂಗಿನ ಕೆಳಗೆ ಮೂವರು. ಜೋನ್ ಕೆಟ್ಟದ್ದಲ್ಲ. ಆದರೆ ಅದರಲ್ಲಿ ಮೂಲೆ ಖಾಲಿ ಉಳಿಯುತ್ತದೆ. ಐದನೇ ನಂಬರಿನವಳು ಸೀದಾ ಮೂಲೆಗೆ ಹೋಗಿ ನಿಂತಳು. ಒಂದರ ಹಿಂದೆ ಒಂದು ಮೂರು ತ್ರೀ ಪಾಯಿಂಟರ್! ನಾಲ್ಕನೇ ಕ್ವಾರ್ಟರ್ ಶುರುವಾಗಿ ಒಂದು ನಿಮಿಷಕ್ಕೆ ಮೇಷ್ಟ್ರು ಹನ್ನೊಂದನೇ ನಂಬರನ್ನು ವಾಪಸ್ ಕರೆಯುವಾಗ ನಾವು 32, ಅವರು 34. ಆಮೇಲೆ ಎರಡೂ ಕಡೆ ಹನ್ನೆರಡು ಹನ್ನೆರಡು. ಸೋತದ್ದು 44-46ಕ್ಕೆ.

ಗೆದ್ದಿದ್ದರೆ ಈ ಚರ್ಚೆ ಅಲ್ಲಿಗೆ ಮುಗಿಯುತ್ತಿತ್ತು. ಸೋತಿದ್ದರಿಂದ ಮರುದಿನ ಬೆಳಿಗ್ಗೆಯೇ ನನ್ನ ಅಂಗಡಿ ಮುಂದೆ ಸಭೆ ಸೇರಿತು. ರಾಯರು ನನ್ನದೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದರು. ಹನ್ನೊಂದನೇ ನಂಬರ್ ಅಂಕಣದಲ್ಲಿದ್ದ 31 ನಿಮಿಷದಲ್ಲಿ ನಾವು 38, ಅವರು 31. ಏಳು ಜಾಸ್ತಿ. ಹೊರಗಿದ್ದ 9 ನಿಮಿಷದಲ್ಲಿ ನಾವು 6, ಅವರು 15. ಒಂಬತ್ತು ಕಮ್ಮಿ. ಇದಕ್ಕೆ ಪ್ಲಸ್ ಮೈನಸ್ ಅಂತಾರೆ. ರಾಯರೇ ಒಪ್ಪಿಕೊಂಡ ಹಾಗೆ ಒಂದೇ ಪಂದ್ಯದ ಪ್ಲಸ್ ಮೈನಸ್ ಪೂರ್ತಿ ನಂಬುವಂಥದ್ದಲ್ಲ. ಆ ಒಂಬತ್ತು ನಿಮಿಷದಲ್ಲಿ ಬದಲಾಗಿದ್ದು ಅವಳೊಬ್ಬಳೇ ಅಲ್ಲ, ಇಡೀ ಡಿಫೆನ್ಸ್ ಬದಲಾಗಿತ್ತು.

ಜರ್ಕಿನ್‌ನವರೂ ಬಂದಿದ್ದರು, ಪೇಪರ್ ತಗೊಳ್ಳುವ ನೆಪದಲ್ಲಿ. ಅವರ ಲೆಕ್ಕ ಬೇರೆ. "ಸೋತಿದ್ದು ಎರಡು ಪಾಯಿಂಟಿಗೆ. ಅವಳು ಬರೀ ಎರಡು ಸಲ ಹಾಕಿದ್ರೆ ಗೆಲ್ತಿದ್ವಿ." ತಪ್ಪು ಅಂತ ಹೇಳಲಿಕ್ಕೆ ಬರುವುದಿಲ್ಲ. ಅದೇ ಕಷ್ಟ.

ಮಾವ ಹಿಡಿದಿದ್ದು ಬೇರೆ ಎಳೆ. ಮೂರನೇ ಫೌಲಿಗೆ ಯಾಕೆ ಕೂರಿಸಬೇಕಿತ್ತು? ಐದು ಫೌಲಾಗಿ ಹೊರಗೆ ಹೋಗಿಬಿಡ್ತಾಳೆ ಅಂತ ಹೆದರಿ ನಾವೇ ಅವಳನ್ನ ಹೊರಗೆ ಕೂರಿಸೋದು ಯಾವ ನ್ಯಾಯ? ರಾಯರು ಹೇಳಿದರು, ಕೊನೆಯ ಐದು ನಿಮಿಷಕ್ಕೆ ಬೇಕಲ್ಲ ಮಾವ. ಮೊದಲ ಐದು ನಿಮಿಷಕ್ಕೂ ಕೊನೆಯ ಐದು ನಿಮಿಷಕ್ಕೂ ಪಾಯಿಂಟಿನ ಬೆಲೆ ಒಂದೇ ಅಲ್ವಾ, ಅಂದರು ಮಾವ. ಇದು ಅಮೆರಿಕದಲ್ಲೂ ಬಗೆಹರಿಯದ ಜಗಳವಂತೆ. ಅಲ್ಲಿ ಜಾಸ್ತಿ ಆಡಿಸಿದರೂ ಬೈಗುಳವೇ. ನ್ಯೂಯಾರ್ಕ್ ನಿಕ್ಸ್ ಕೋಚ್ ಟಾಮ್ ಥಿಬೊಡೊ ಮೊದಲ ಐವರನ್ನೇ ಸುಸ್ತಾಗುವಷ್ಟು ಆಡಿಸುತ್ತಾರೆ ಅನ್ನುವ ದೂರು ಹಳೆಯದು. 2025ರಲ್ಲಿ ತಂಡವನ್ನು 25 ವರ್ಷದ ಮೇಲೆ, ಫೈನಲ್ಸ್‌ಗೆ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್‌ಗೆ ಮುಟ್ಟಿಸಿದರು. ಅಲ್ಲಿ ಸೋತ ಕೆಲವೇ ದಿನಕ್ಕೆ ಅವರನ್ನು ತೆಗೆದರು. ನಮ್ಮ ಮೇಷ್ಟ್ರ ಪುಣ್ಯ, ಅವರನ್ನು ತೆಗೆದರೆ ಆ ಕೆಲಸಕ್ಕೆ ಬೇರೆ ಯಾರೂ ಬರುವುದಿಲ್ಲ.

ನನಗೆ ಈ ಲೆಕ್ಕಗಳೆಲ್ಲ ಇಷ್ಟವೇ. ಆದರೆ ಕಾಡುತ್ತಿರುವುದು ಆ ಅಪ್ಪ ಅರ್ಧ ಎದ್ದು ನಿಂತದ್ದು. ಶೂಟರ್ ಹುಡುಗಿ ಆ ಒಂಬತ್ತು ನಿಮಿಷದಲ್ಲಿ ಹಾಕಿದ್ದು ಎರಡು ಪಾಯಿಂಟ್, ಬಿಟ್ಟುಕೊಟ್ಟ ಮೂಲೆ ಅವಳದ್ದೇ. ಅವಳ ಬಗ್ಗೆ ಯಾರೂ ಜರ್ಕಿನ್‌ನವರನ್ನು ವಿವರಣೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಮಕ್ಕಳ ಆಟ. ಹಾಗಾದರೆ ಆಟೋದವರಿಗೆ ಮಾತ್ರ ಯಾಕೆ ಲೆಕ್ಕ ಒಪ್ಪಿಸಬೇಕು ಅನಿಸಿತು? ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಲೈನ್‌ಮನ್‌ಗೆ ಫೋನ್ ಮಾಡಿ ಬೈಯುತ್ತೇವೆ. ಹೋಗದ ದಿನ ಯಾರಾದರೂ ಫೋನ್ ಮಾಡುತ್ತಾರಾ? ತಡೆಯುವ ಕೆಲಸ ಮಾಡುವವರು ಯಾವತ್ತೂ ಏನೋ ಸಾಬೀತು ಮಾಡಬೇಕಾದ ಜಾಗದಲ್ಲೇ ನಿಂತಿರುತ್ತಾರೆ. ಅದೂ ಖಾಕಿ ಅಂಗಿಯಲ್ಲಿದ್ದರೆ ಕೇಳುವುದೇ ಬೇಡ. ಜರ್ಕಿನ್‌ನವರು ಕೆಟ್ಟ ಮನುಷ್ಯ ಅಲ್ಲ. ತಂಡದ ಜರ್ಸಿಗೆ ದುಡ್ಡು ಕೊಟ್ಟವರಲ್ಲಿ ಅವರೂ ಒಬ್ಬರು. ಹನ್ನೊಂದನೇ ನಂಬರಿನ ಜರ್ಸಿಗೂ ಸೇರಿಸಿ. ಬಹುಶಃ ಆ ಅಪ್ಪ ಎದ್ದು ನಿಂತದ್ದು ಅದಕ್ಕೇ ಇರಬಹುದು. ಅದು ಹೊಳೆದ ಮೇಲೆ ನನಗೆ ಇನ್ನೂ ಕಿರಿಕಿರಿ.

ನಿನ್ನೆ ಆಟೋ ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ರಾಯರ ಲೆಕ್ಕ ಹೇಳಿದೆ, ಮಗಳು ಇದ್ದಾಗ ಏಳು ಜಾಸ್ತಿ ಅಂತ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. "ಫೌಲ್ ಮೂರು ಮಾಡಿದ್ಲಲ್ಲ ಸಾರ್" ಅಂದರು. ಮನೆಯಲ್ಲಿ ಅದಕ್ಕೇ ಬೈಸಿಕೊಂಡಳಂತೆ, ಅಮ್ಮನ ಹತ್ತಿರ.

ಮುಂದಿನ ಪಂದ್ಯ ಶನಿವಾರ, ವಿರಾಜಪೇಟೆ ಕಡೆಯವರ ಮೇಲೆ. ಮೊದಲ ಐವರು ಯಾರು ಅನ್ನುವ ಜಗಳ ಆಗಲೇ ಶುರುವಾಗಿದೆ. ರಾಯರು ಶೂಟರ್ ಮತ್ತು ಹನ್ನೊಂದು ಇಬ್ಬರನ್ನೂ ಒಟ್ಟಿಗೆ ಇಳಿಸಿ ಅನ್ನುತ್ತಾರೆ, ಎತ್ತರದ ಒಬ್ಬಳನ್ನು ಕೂರಿಸಿ. ಹಾಗಾದರೆ ರಿಂಗಿಗೆ ಬಡಿದು ವಾಪಸ್ ಬರುವ ಬಾಲನ್ನು, ರೀಬೌಂಡನ್ನು, ಯಾರು ಹಿಡಿಯುವುದು ಎಂದರೆ ಉತ್ತರ ಇಲ್ಲ. ಮಾವ ಮೇಷ್ಟ್ರನ್ನು ನೋಡಲು ಹೋಗುತ್ತೇನೆ ಅಂದಿದ್ದಾರೆ. ಹನ್ನೊಂದನೇ ನಂಬರಿನ ಹುಡುಗಿ ಕಾಲು ಸರಿಸುವ ಮೊದಲೇ ಕೈ ಹಾಕುತ್ತಾಳಂತೆ, ಮೂರು ಫೌಲೂ ಹಾಗೇ ಬಂದದ್ದು. ಬ್ಯಾಕ್ ಆಡಿದವರಿಗೆ ಅದು ದೂರದಿಂದಲೇ ಕಾಣುತ್ತದೆ, ಒಂದು ವಾರದಲ್ಲಿ ತಿದ್ದಬಹುದು ಅನ್ನುತ್ತಾರೆ.